ಅನುದಾನ ಸಾಲವಾದ ಬಗೆ: ಅಮೆರಿಕದ ಟೀಚ್ ಗ್ರಾಂಟ್ ಪ್ರಕರಣ

2018ರ ಮಾರ್ಚ್‌ನಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ ಒಂದು ತನಿಖಾ ವರದಿ ಪ್ರಸಾರ ಮಾಡಿತು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಅಂಗವಿಕಲತೆ ಇರುವ ಮಕ್ಕಳ ವಿಶೇಷ ಶಿಕ್ಷಣದಂಥ ವಿಷಯ ಕಲಿಸುತ್ತೇವೆಂದು ಮಾತು ಕೊಟ್ಟು, ಅದರ ಮೇಲೆ ಕೇಂದ್ರ ಸರ್ಕಾರದಿಂದ ಓದಿಗೆ ಹಣ ಪಡೆದಿದ್ದ ಶಿಕ್ಷಕರ ಕಥೆ ಅದು. ಮಾತು ಕೊಟ್ಟಂತೆ ಅದೇ ಶಾಲೆಗಳಲ್ಲಿ ಅದೇ ವಿಷಯ ಕಲಿಸುತ್ತಿದ್ದರೂ ಅವರಲ್ಲಿ ಎಷ್ಟೋ ಮಂದಿ ಸಾಲಗಾರರಾಗಿಬಿಟ್ಟಿದ್ದರು. ಒಬ್ಬರ ಫಾರಂ ಕೆಲವು ದಿನ ತಡವಾಗಿ ತಲುಪಿತ್ತು, ಇನ್ನೊಬ್ಬರದರಲ್ಲಿ ಸಹಿ ಬಿಟ್ಟುಹೋಗಿತ್ತು, ಮತ್ತೊಬ್ಬರು ದಿನಾಂಕ ಹಾಕಿರಲಿಲ್ಲ. ಅಷ್ಟಕ್ಕೇ ವರ್ಷಗಟ್ಟಲೆ ಪಡೆದಿದ್ದ ಅನುದಾನವೆಲ್ಲ ಬಡ್ಡಿಸಮೇತ ಸಾಲವಾಗಿ ಅವರ ಹೆಸರಿಗೆ ಏರಿತ್ತು.

ಯೋಜನೆಯ ಹೆಸರು ಟೀಚ್ ಗ್ರಾಂಟ್. ಶಿಕ್ಷಕರ ಕೊರತೆ ನೀಗಿಸಲು ಓದಿನ ಖರ್ಚನ್ನೇ ಗಾಳವಾಗಿ ಬಳಸುವ ಯೋಜನೆಗಳು ಅಮೆರಿಕದಲ್ಲಿ ಅರವತ್ತು ವರ್ಷಕ್ಕೂ ಹಿಂದಿನಿಂದ ಇವೆ. ಅವುಗಳಲ್ಲೆಲ್ಲ ಇದೇ ಯಾಕೆ ಇಷ್ಟು ಕೆಟ್ಟಿತು? ನನಗೆ ಕಾಣುವ ಉತ್ತರ ಇದು: ತಪ್ಪು ಯಾರದೇ ಆಗಲಿ, ಅಂಚೆಯದ್ದಾಗಲಿ ಕಡತ ನೋಡಿಕೊಳ್ಳುವ ಕಂಪನಿಯದ್ದಾಗಲಿ, ನಷ್ಟ ಮಾತ್ರ ಶಿಕ್ಷಕರ ತಲೆಗೇ ಬೀಳುವಂತೆ ಇದನ್ನು ಕಟ್ಟಲಾಗಿತ್ತು.

ವಿಶೇಷ ಶಿಕ್ಷಕರ ಕೊರತೆ ಬಂದದ್ದು ಎಲ್ಲಿಂದ

1975ರ ನವೆಂಬರ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಒಂದು ಕಾಯ್ದೆ, ಅಂಗವಿಕಲತೆ ಇರುವ ಪ್ರತಿ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ, ಆ ಮಗುವಿಗೆ ಒಪ್ಪುವ ಶಿಕ್ಷಣ ಸಿಗಲೇಬೇಕು ಎಂದಿತು. ಅದಕ್ಕೆ ಮುಂಚೆ ಹತ್ತು ಲಕ್ಷ ಇಂಥ ಮಕ್ಕಳು ಶಾಲೆಯ ಹೊರಗಿದ್ದಾರೆಂದು ಕಾಯ್ದೆಯೇ ಬರೆದುಕೊಂಡಿತ್ತು. ಈಗ ಐಡಿಇಎ ಎಂದು ಕರೆಯುವ ಆ ಕಾನೂನಿನಡಿ 2022–23ರಲ್ಲಿ ಸುಮಾರು 75 ಲಕ್ಷ ಮಕ್ಕಳು ಸೇವೆ ಪಡೆಯುತ್ತಿದ್ದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಇದು ಶೇ. 15ರಷ್ಟು. ವಿಶೇಷ ಶಿಕ್ಷಣದ ಹೆಚ್ಚುವರಿ ಖರ್ಚಿಗೆಂದು ಪ್ರತಿ ಮಗುವಿನ ಸರಾಸರಿ ವೆಚ್ಚದ ಶೇ. 40ರವರೆಗೆ ಕೇಂದ್ರ ಕೊಡುತ್ತದೆ ಎಂಬ ಮಾತೂ ಆಗಲೇ ಆಗಿತ್ತು. ಆ ಗುರಿ ಈವರೆಗೆ ಒಮ್ಮೆಯೂ ಮುಟ್ಟಿಲ್ಲ.

ಪ್ರತಿ ಮಗುವಿಗೂ ಐಇಪಿ ಎಂಬ ಪ್ರತ್ಯೇಕ ಕಲಿಕಾ ಯೋಜನೆ ಇರಬೇಕು. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಕನ್ನಡದ ಕುಟುಂಬಗಳಲ್ಲಿ ಆಟಿಸಂ ಇರುವ ಮಗು ಇದ್ದರೆ 'ಐಇಪಿ ಮೀಟಿಂಗ್' ಎಂಬುದು ಅವರ ಮನೆಮಾತಾಗಿರುತ್ತದೆ. ಮಗು ಈಗ ಎಲ್ಲಿದೆ, ವರ್ಷದಲ್ಲಿ ಏನು ಕಲಿಯಬೇಕು, ವಾರಕ್ಕೆ ಎಷ್ಟು ನಿಮಿಷ ಯಾವ ನೆರವು, ಪರೀಕ್ಷೆಯಲ್ಲಿ ಏನು ರಿಯಾಯಿತಿ ಎಲ್ಲವೂ ಅದರಲ್ಲಿ ಬರಹಕ್ಕಿಳಿಯಬೇಕು. ವರ್ಷಕ್ಕೊಮ್ಮೆಯಾದರೂ ತಂದೆ ತಾಯಿಯನ್ನು ಕೂರಿಸಿಕೊಂಡು ಪರಿಶೀಲಿಸಬೇಕು, ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ ಮಾಡಬೇಕು. ಇದು ಕಾನೂನಿನ ದಾಖಲೆ. ಅದರಲ್ಲಿ ಬರೆದಂತೆ ನಡೆಯದಿದ್ದರೆ ಪೋಷಕರು ದೂರು ಕೊಡಬಹುದು, ವಿಚಾರಣೆಗೆ ಹೋಗಬಹುದು. ವಿಶೇಷ ಶಿಕ್ಷಕಿ ಹಗಲು ಮಕ್ಕಳ ಜೊತೆ ಇದ್ದು, ಸಂಜೆ ಈ ಕಡತಗಳ ಜೊತೆ ಕೂರುತ್ತಾಳೆ. ಸಂಬಳ ಮಾತ್ರ ಬಹುತೇಕ ಜಿಲ್ಲೆಗಳಲ್ಲಿ ಪಕ್ಕದ ತರಗತಿಯ ಶಿಕ್ಷಕಿಯದೇ ಶ್ರೇಣಿ. ಇಂಥ ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕವರು ಸಾಮಾನ್ಯ ತರಗತಿಗೆ ವರ್ಗ ಕೇಳಿಕೊಂಡು ಹೋಗುತ್ತಾರೆ ಎಂದರೆ ಆಶ್ಚರ್ಯವೇನಿಲ್ಲ. ವರ್ಷವರ್ಷವೂ ಬಹುತೇಕ ರಾಜ್ಯಗಳು ಕೊರತೆ ಇರುವ ವಿಷಯಗಳ ಪಟ್ಟಿಯಲ್ಲಿ ವಿಶೇಷ ಶಿಕ್ಷಣವನ್ನು ಸೇರಿಸುತ್ತಲೇ ಬಂದಿವೆ.

ಹಳೆಯ ದಾರಿ

ರಷ್ಯಾ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ ಗಾಬರಿಬಿದ್ದ ಅಮೆರಿಕ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದಿತು. ಅದರಡಿ ಸಾಲ ಪಡೆದು ಓದಿ ಶಿಕ್ಷಕರಾದವರಿಗೆ ವರ್ಷಕ್ಕೆ ಶೇ. 10ರಂತೆ ಐದು ವರ್ಷದಲ್ಲಿ ಅರ್ಧ ಸಾಲ ಮನ್ನಾ ಆಗುತ್ತಿತ್ತು. ಆ ಸಾಲವೇ ಮುಂದೆ ಪರ್ಕಿನ್ಸ್ ಸಾಲ ಎಂದಾಯಿತು. ಪರ್ಕಿನ್ಸ್‌ನಲ್ಲಿ ವಿಶೇಷ ಶಿಕ್ಷಕರಿಗೆ ಪೂರ್ತಿ ಮನ್ನಾ ಇತ್ತು: ಮೊದಲೆರಡು ವರ್ಷ ಶೇ. 15, ನಂತರದ ಎರಡು ವರ್ಷ ಶೇ. 20, ಐದನೆಯ ವರ್ಷ ಶೇ. 30. ಹೊಸ ಪರ್ಕಿನ್ಸ್ ಸಾಲ ಕೊಡುವುದು 2017ರ ಸೆಪ್ಟೆಂಬರ್‌ಗೆ ನಿಂತಿತು.

ಇದಲ್ಲದೆ 1998ರಿಂದ ಶಿಕ್ಷಕರ ಸಾಲಮನ್ನಾ ಎಂಬ ಬೇರೊಂದು ಯೋಜನೆಯೂ ಇದೆ. ಬಡ ಮಕ್ಕಳ ಶಾಲೆಯಲ್ಲಿ ಬಿಡದೆ ಐದು ವರ್ಷ ಕಲಿಸಿದರೆ 5,000 ಡಾಲರ್ ಮನ್ನಾ. ವಿಶೇಷ ಶಿಕ್ಷಕರಿಗೂ ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರಿಗೂ 2004ರಲ್ಲಿ ಅದನ್ನು 17,500ಕ್ಕೆ ಏರಿಸಿದರು.

ಈ ಹಳೆಯ ಯೋಜನೆಗಳಲ್ಲಿ ಸಾಲ ಮೊದಲೇ ಸಾಲ. ಅರ್ಜಿ ಹಾಕುವುದನ್ನು ಮರೆತರೆ ಮನ್ನಾ ತಡವಾಗುತ್ತದೆ, ಇನ್ನೂ ಕೆಟ್ಟರೆ ಸಿಗುವುದಿಲ್ಲ. ಆದರೆ ನಿನ್ನೆ ಇಲ್ಲದ ಸಾಲ ಇವತ್ತು ಹುಟ್ಟಿಕೊಳ್ಳುವುದಿಲ್ಲ. ಟೀಚ್ ಗ್ರಾಂಟ್ ಇದನ್ನು ತಿರುಗಿಸಿ ಹಾಕಿತು.

ಕರಾರು

2007ರ ಸೆಪ್ಟೆಂಬರ್‌ನಲ್ಲಿ ಬುಷ್ ಸಹಿ ಹಾಕಿದ ಕಾಲೇಜು ವೆಚ್ಚ ಇಳಿಕೆ ಕಾಯ್ದೆಯಲ್ಲಿ ಈ ಯೋಜನೆ ಹುಟ್ಟಿತು. ಶಿಕ್ಷಕ ತರಬೇತಿಯ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ. ಪದವಿಗೆ ಒಟ್ಟು 16,000, ಸ್ನಾತಕೋತ್ತರಕ್ಕೆ 8,000. ಅಂಕ ಚೆನ್ನಾಗಿರಬೇಕು: ನಾಲ್ಕರಲ್ಲಿ 3.25 ಸರಾಸರಿ, ಇಲ್ಲವೇ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಕಾಲು ಭಾಗದಲ್ಲಿರಬೇಕು. ಪ್ರತಿಯಾಗಿ ಓದು ಮುಗಿದ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಪೂರ್ಣಾವಧಿ ಶಿಕ್ಷಕರಾಗಿ, ಕೊರತೆ ಇರುವ ವಿಷಯವನ್ನು, ಬಡ ಮಕ್ಕಳ ಶಾಲೆಗಳ ಸರ್ಕಾರಿ ಪಟ್ಟಿಯಲ್ಲಿರುವ ಶಾಲೆಯಲ್ಲಿ ಕಲಿಸಬೇಕು. ಆ ವಿಷಯಗಳಲ್ಲಿ ವಿಶೇಷ ಶಿಕ್ಷಣವನ್ನು ಕಾಯ್ದೆಯೇ ಹೆಸರಿಸಿದೆ.

ಇಷ್ಟು ಮಾಡದಿದ್ದರೆ? ಪಡೆದ ಹಣವೆಲ್ಲ ಸಾಲ. ಬಡ್ಡಿ ಲೆಕ್ಕ ಶುರುವಾಗುವುದು ಸಾಲವಾದ ದಿನದಿಂದಲ್ಲ, ಪ್ರತಿ ಕಂತು ಕೈಗೆ ಬಂದ ದಿನದಿಂದ. ಎರಡು ವರ್ಷ ಕಲಿಸಿದ್ದರೆ ಅರ್ಧ ಮಾಫಿ ಎಂಬ ಮಾತಿಲ್ಲ. ಮೂರೂವರೆ ವರ್ಷ ಕಲಿಸಿದ್ದರೂ ಅಷ್ಟೇ.

ನಮ್ಮಲ್ಲಿ ವೈದ್ಯಕೀಯ ಓದಿದವರ ಗ್ರಾಮೀಣ ಸೇವೆಯ ಬಾಂಡ್ ಬಗ್ಗೆ ಗೊತ್ತಿರುವವರಿಗೆ ಇದು ಹೊಸದೆನಿಸದು. ಆದರೆ ಬಾಂಡ್‌ಗೆ ಬಾಂಡ್ ಎಂದೇ ಹೆಸರು. ಸಹಿ ಹಾಕುವ ಹುಡುಗನಿಗೂ ಅವನ ಅಪ್ಪನಿಗೂ ದಂಡ ಎಷ್ಟೆಂದು ಗೊತ್ತಿರುತ್ತದೆ. ಇಲ್ಲಿ ಹತ್ತೊಂಬತ್ತರ ವಿದ್ಯಾರ್ಥಿನಿಗೆ ಕಾಲೇಜಿನ ಹಣಕಾಸು ಕಚೇರಿ ಕೊಟ್ಟದ್ದು 'ಗ್ರಾಂಟ್' ಎಂಬ ಹೆಸರಿನದು. ಸಾಲವಾಗಬಹುದೆಂದು ಕರಾರಿನಲ್ಲಿ ಬರೆದಿತ್ತು, ಪ್ರತಿ ವರ್ಷ ಆನ್‌ಲೈನ್ ಸಮಾಲೋಚನೆಯೂ ಕಡ್ಡಾಯವಿತ್ತು, ನಿಜ. ಆದರೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮುಂದಿನ ಹನ್ನೆರಡು ವರ್ಷ ಎಲ್ಲಿರುತ್ತೇನೆ, ಏನು ಕಲಿಸುತ್ತೇನೆ ಎಂದು ಯಾರು ತಾನೇ ಬರೆದುಕೊಡಬಲ್ಲರು?

ಸರ್ಕಾರಕ್ಕೆ ಮಾತ್ರ ಇದು ಏನೆಂದು ಮೊದಲಿನಿಂದಲೂ ಸ್ಪಷ್ಟವಾಗಿತ್ತು. ಬಜೆಟ್ ಲೆಕ್ಕದಲ್ಲಿ ಟೀಚ್ ಗ್ರಾಂಟನ್ನು ಅನುದಾನವೆಂದು ಬರೆಯುವುದಿಲ್ಲ. ಸಾಲಯೋಜನೆಗಳ ಲೆಕ್ಕದ ಕಾನೂನಿನಡಿ, ಸೇವೆ ಮುಗಿಸಿದರೆ ಪೂರ್ತಿ ಮನ್ನಾ ಆಗುವ ಸಾಲವೆಂದು ಬರೆಯುತ್ತಾರೆ. ಎಷ್ಟು ಮಂದಿ ಸೇವೆ ಮುಗಿಸಲಾರರು, ಅವರಿಂದ ಎಷ್ಟು ವಾಪಸು ಬಂದೀತು ಎಂಬ ಅಂದಾಜು ಯೋಜನೆಯ ವೆಚ್ಚದ ಲೆಕ್ಕದೊಳಗೇ ಸೇರಿರುತ್ತದೆ. ವಿದ್ಯಾರ್ಥಿಗೆ ತೋರಿಸಿದ ಹೆಸರು ಒಂದು, ಖಜಾನೆಯ ಪುಸ್ತಕದ ಹೆಸರು ಇನ್ನೊಂದು.

ಫಾರಂ

ಓದು ಮುಗಿದ 120 ದಿನದೊಳಗೆ 'ಅರ್ಹ ಶಾಲೆಯಲ್ಲಿ ಕಲಿಸುತ್ತಿದ್ದೇನೆ' ಅಥವಾ 'ಕಲಿಸುವ ಉದ್ದೇಶವಿದೆ' ಎಂದು ಬರೆದು ತಿಳಿಸಬೇಕಿತ್ತು. ಆಮೇಲೆ ವರ್ಷಕ್ಕೊಂದು ಪ್ರಮಾಣಪತ್ರ: ಯಾವ ಶಾಲೆ, ಯಾವ ವಿಷಯ, ಪೂರ್ಣಾವಧಿಯೇ, ಹೆಚ್ಚು ಪಾಲು ತರಗತಿಗಳು ಕೊರತೆಯ ವಿಷಯದವೇ ಎಂಬುದಕ್ಕೆಲ್ಲ ಶಾಲೆಯ ಮುಖ್ಯಸ್ಥರ ಸಹಿ ಬೇಕು. ಅದನ್ನು ಗಡುವಿನೊಳಗೆ ಸಾಲ ನಿರ್ವಹಣಾ ಕಂಪನಿಗೆ ಮುಟ್ಟಿಸಬೇಕು.

ಆ ಫಾರಂ ಎಷ್ಟು ಕೈ ದಾಟಬೇಕು ನೋಡಿ. ಕಂಪನಿ ಕಳಿಸಿದ ಜ್ಞಾಪನೆ ಹಳೆಯ ವಿಳಾಸಕ್ಕೆ ಹೋಗಬಹುದು; ಓದು ಮುಗಿಸಿದ ಹುಡುಗಿ ಮೊದಲ ಕೆಲಸಕ್ಕೆ ಊರು ಬದಲಿಸಿರುತ್ತಾಳೆ. ಪ್ರಿನ್ಸಿಪಾಲರು ಬೇರೆ ಶಾಲೆಗೆ ಹೋಗಿರಬಹುದು, ಹೊಸಬರಿಗೆ ಇದೇನೆಂದೇ ಗೊತ್ತಿಲ್ಲದಿರಬಹುದು. ವಿಶೇಷ ಶಿಕ್ಷಕಿಯ ಪಾಡು ಇನ್ನೂ ಗೋಜಲು. ಸಾಮಾನ್ಯ ತರಗತಿಯಲ್ಲಿ ಇನ್ನೊಬ್ಬ ಶಿಕ್ಷಕರ ಜೊತೆ ನಿಂತು ಕಲಿಸುವ ಅವಧಿಗಳನ್ನು ಯಾವ ವಿಷಯಕ್ಕೆ ಬರೆಯಬೇಕು? ವರ್ಷದ ಮಧ್ಯೆ ಜಿಲ್ಲೆಯವರು ಅರ್ಧ ದಿನ ಸಾಮಾನ್ಯ ತರಗತಿಗೆ ಹಾಕಿದರೆ 'ಹೆಚ್ಚು ಪಾಲು' ಎಂಬುದು ಏನಾಯಿತು? ಇವಕ್ಕೆಲ್ಲ ಉತ್ತರ ಪತ್ರದ ಮೂಲಕ ಬರಬೇಕು, ಬರುವಷ್ಟರಲ್ಲಿ ಗಡುವು ದಾಟಿರುತ್ತದೆ.

ಗಡುವು ದಾಟಿದರೆ ಪರಿವರ್ತನೆ ತಾನಾಗಿಯೇ ಆಗುತ್ತಿತ್ತು. ಒಮ್ಮೆ ಸಾಲವಾದದ್ದು ಮತ್ತೆ ಅನುದಾನವಾಗದು ಎಂಬುದು ಶಿಕ್ಷಣ ಇಲಾಖೆಯ ನಿಲುವು. ತಪ್ಪು ಕಂಪನಿಯದೆಂದು ಸಾಬೀತಾದರೆ ಮಾತ್ರ ಬೇರೆ. ಸಾಬೀತು ಮಾಡುವ ಹೊಣೆ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ಹಣದ ಮಾತು ಎಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷ, ವರ್ಷಾರಂಭದಲ್ಲಿ 4,000ದಂತೆ ಪಡೆದು, ಪದವಿಯ ನಂತರ ಮೂರು ವರ್ಷ ಕಲಿಸಿ, ಏಳನೆಯ ವರ್ಷದ ಕೊನೆಯಲ್ಲಿ ಫಾರಂ ತಪ್ಪಿತು ಎಂದುಕೊಳ್ಳಿ. ಯೋಜನೆಯ ಮೊದಲ ವರ್ಷಗಳಲ್ಲಿ ಇಂಥ ಸಾಲದ ಬಡ್ಡಿ ಶೇ. 6.8 ಇತ್ತು. ಮೊದಲ ಕಂತಿನ ಮೇಲೆ ಏಳು ವರ್ಷದ ಬಡ್ಡಿ 1,904 ಡಾಲರ್, ಎರಡನೆಯದರ ಮೇಲೆ 1,632, ಮೂರನೆಯದಕ್ಕೆ 1,360, ನಾಲ್ಕನೆಯದಕ್ಕೆ 1,088. ಒಟ್ಟು 5,984. ಹದಿನಾರು ಸಾವಿರದ ಅನುದಾನ ಒಂದು ಬೆಳಿಗ್ಗೆ ಸುಮಾರು 22,000 ಡಾಲರ್ ಸಾಲವಾಗುತ್ತದೆ. ಬಡ್ಡಿ ಅಸಲಿಗೆ ಸೇರಿ, ಮುಂದಿನ ಬಡ್ಡಿ ಅದರ ಮೇಲೆ. ಆ ಶಿಕ್ಷಕಿ ಅದೇ ಬೆಳಿಗ್ಗೆ ಅದೇ ಶಾಲೆಗೆ, ಅದೇ ಮಕ್ಕಳ ಬಳಿಗೆ ಹೋಗುತ್ತಿರುತ್ತಾಳೆ.

ಬಯಲಾದದ್ದು

ಮೊದಲ ಗಂಟೆ ಬಾರಿಸಿದ್ದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ. ಅದರ 2015ರ ವರದಿಯಂತೆ 1 ಲಕ್ಷ 12 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಲ್ಲಿ ಸುಮಾರು 36,000 ಮಂದಿಯ ಅನುದಾನ ಸಾಲವಾಗಿತ್ತು. ಎರಡು ಸಾವಿರಕ್ಕೂ ಮಿಕ್ಕವರದ್ದು ತಪ್ಪಾಗಿ ಪರಿವರ್ತನೆಯಾದದ್ದೆಂದೂ ಅದು ಗುರುತಿಸಿತು. 2017ರ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಮೌರಾ ಹೀಲಿ, ಯೋಜನೆಯ ಕಡತ ನೋಡಿಕೊಳ್ಳುತ್ತಿದ್ದ ಪೆನ್ಸಿಲ್ವೇನಿಯಾದ ಸಂಸ್ಥೆಯ ಮೇಲೆ ದಾವೆ ಹೂಡಿದರು. ಇಷ್ಟಾದರೂ ಸದ್ದು ದೊಡ್ಡದಾಗಲಿಲ್ಲ. ವಿಷಯ ಮನೆಮನೆ ತಲುಪಿದ್ದು ಎನ್‌ಪಿಆರ್‌ನಲ್ಲಿ ಶಿಕ್ಷಕರ ದನಿ ಕೇಳಿದ ಮೇಲೆ.

ಅದೇ ಹೊತ್ತಿಗೆ ಶಿಕ್ಷಣ ಇಲಾಖೆಯೇ ಮಾಡಿಸಿದ್ದ ಅಧ್ಯಯನವೊಂದು ಹೊರಬಿತ್ತು. 2014ರ ಜುಲೈಗೆ ಮುಂಚೆ ಸೇವಾವಧಿ ಆರಂಭಿಸಿದವರಲ್ಲಿ ಶೇ. 63 ಮಂದಿಯ ಅನುದಾನ ಸಾಲವಾಗಿತ್ತು. ಸಾಲವಾದವರನ್ನು ಕೇಳಿದಾಗ, ಷರತ್ತು ಪೂರೈಸಿದ್ದೇವೆ ಇಲ್ಲವೇ ಪೂರೈಸುವ ಹಾದಿಯಲ್ಲಿದ್ದೇವೆ ಎಂದವರು ಸುಮಾರು ಮೂರರಲ್ಲೊಬ್ಬರು.

ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಮೂರರಲ್ಲೊಬ್ಬರು ಎಂದರೆ ಉಳಿದ ಇಬ್ಬರು ನಿಜವಾಗಿಯೂ ಷರತ್ತು ಪೂರೈಸಲಿಲ್ಲ. ಕೆಲವರು ಶಿಕ್ಷಕರೇ ಆಗಲಿಲ್ಲ, ಕೆಲವರಿಗೆ ಪಟ್ಟಿಯಲ್ಲಿರುವ ಶಾಲೆಯಲ್ಲಿ ಕೆಲಸ ಸಿಗಲಿಲ್ಲ, ಕೆಲವರು ಬೇರೆ ವಿಷಯಕ್ಕೆ ಹೊರಳಿದರು. ಪತ್ರಿಕೆಗಳು ಕಾಗದಪತ್ರದ ಅನ್ಯಾಯವನ್ನೇ ಹಿಡಿದು ಬರೆದವು, ಅದು ಸರಿಯೇ. ಆದರೆ ಫಾರಂ ಕಾಟ ಪೂರ್ತಿ ತೆಗೆದರೂ ಹತ್ತೊಂಬತ್ತರ ಹುಡುಗಿ ಇಪ್ಪತ್ತೇಳರಲ್ಲಿ ಏನಾಗುತ್ತಾಳೆಂದು ಮುಂಚಿತವಾಗಿ ಪಣ ಕಟ್ಟುವ ಯೋಜನೆಯ ಮೂಲ ದೌರ್ಬಲ್ಯ ಹಾಗೇ ಉಳಿಯುತ್ತದೆ.

ತೇಪೆ

2018ರ ಡಿಸೆಂಬರ್‌ನಲ್ಲಿ, ಬೆಟ್ಸಿ ಡಿವೋಸ್ ಶಿಕ್ಷಣ ಕಾರ್ಯದರ್ಶಿ (ನಮ್ಮ ಸಚಿವರಿಗೆ ಸಮ) ಆಗಿದ್ದಾಗ, ಇಲಾಖೆ ಮರುಪರಿಶೀಲನೆಗೆ ಬಾಗಿಲು ತೆರೆಯಿತು. ಷರತ್ತಿನಂತೆ ಕಲಿಸಿದ್ದೇನೆಂದು ತೋರಿಸಿದವರ ಸಾಲ ಮತ್ತೆ ಅನುದಾನವಾಗುತ್ತದೆ, ಕಟ್ಟಿದ ಕಂತಿನ ಹಣ ವಾಪಸು. ಸಾವಿರಾರು ಶಿಕ್ಷಕರಿಗೆ ಇದರಿಂದ ಬಿಡುಗಡೆ ಸಿಕ್ಕಿತು. ಆದರೆ ತಮ್ಮದು ಸಾಲವಾಯಿತೆಂದು ನೊಂದು ಆ ಶಾಲೆಯನ್ನೇ ಬಿಟ್ಟು ಹೋಗಿದ್ದವರ ಪಾಡೇನು? ಷರತ್ತಿನ ಶಾಲೆಯಲ್ಲಿ ಇನ್ನು ಯಾಕೆ ಇರಬೇಕೆಂದು ಅವರು ಹೊರಟದ್ದು ಸಹಜವೇ. 2021ರ ಅಕ್ಟೋಬರ್‌ನಲ್ಲಿ ಬೈಡನ್ ಸಹಿ ಹಾಕಿದ ಒಂದು ಚಿಕ್ಕ ಕಾನೂನು ಇಂಥವರಿಗೆ ಸೇವೆ ಮುಗಿಸಲು ಹೆಚ್ಚುವರಿ ಕಾಲ ಕೊಟ್ಟಿತು. ಎರಡೂ ಪಕ್ಷಗಳು ಕೈಜೋಡಿಸಿದ ಅಪರೂಪದ ಸಂದರ್ಭ ಅದು.

ಹೆಚ್ಚು ಮುಖ್ಯವಾದದ್ದು 2021ರ ಜುಲೈ 1ರಿಂದ ಜಾರಿಯಾದ ಹೊಸ ನಿಯಮ. ವಾರ್ಷಿಕ ಫಾರಂ ತಪ್ಪಿದ ಮಾತ್ರಕ್ಕೆ ಸಾಲವಾಗುವುದು ನಿಂತಿತು. ಈಗ ಪರಿವರ್ತನೆ ಎರಡೇ ಸಂದರ್ಭದಲ್ಲಿ: ಶಿಕ್ಷಕರೇ ಕೇಳಿಕೊಂಡಾಗ, ಇಲ್ಲವೇ ಎಂಟು ವರ್ಷದಲ್ಲಿ ಉಳಿದ ಕಾಲ ನಾಲ್ಕು ವರ್ಷದ ಸೇವೆ ಮುಗಿಸಲು ಸಾಲದಾದಾಗ. ಎಷ್ಟು ವರ್ಷ ಸೇವೆ ಬಾಕಿ, ಸಾಲವಾದರೆ ಈಗ ಬಡ್ಡಿ ಎಷ್ಟಾಗುತ್ತದೆ ಎಂದು ಕಂಪನಿಯೇ ವರ್ಷಕ್ಕೊಮ್ಮೆ ತಿಳಿಸಬೇಕು. ನೋಡಿದರೆ ಚಿಕ್ಕ ಬದಲಾವಣೆ. ಆದರೆ ಕಾಗದ ಬಾರದಿದ್ದರೆ ಏನೆಂದು ತಿಳಿಯಬೇಕು ಎಂಬ ಪ್ರಶ್ನೆಗೆ ಉತ್ತರವೇ ಬದಲಾಯಿತು. ಮೊದಲು 'ಕಲಿಸುತ್ತಿಲ್ಲ' ಎಂದು ತಿಳಿಯುತ್ತಿದ್ದರು. ಈಗ 'ಇನ್ನೂ ತಿಳಿದಿಲ್ಲ' ಎಂದಷ್ಟೇ. ಈ ಒಂದು ಬದಲಾವಣೆಗೆ ಹದಿಮೂರು ವರ್ಷ ಬೇಕಾಯಿತು.

ಬೇರೆ ಕಡೆ ಏನಾಯಿತು

ಮನ್ನಾ ಮಾಡುವ ಸಾಲದಿಂದ ಜನ ಬರುತ್ತಾರೆಯೇ, ಬಂದವರು ಉಳಿಯುತ್ತಾರೆಯೇ? ಕ್ಯಾಲಿಫೋರ್ನಿಯಾ 2000ದಿಂದ 2002ರವರೆಗೆ, ಹಿಂದುಳಿದ ಶಾಲೆಯಲ್ಲಿ ನಾಲ್ಕು ವರ್ಷ ಕಲಿಸಲು ಒಪ್ಪಿದ ಹೊಸ ಶಿಕ್ಷಕರಿಗೆ 20,000 ಡಾಲರ್ ಕೊಟ್ಟಿತು. ಮಾತು ತಪ್ಪಿದರೆ ವಾಪಸು. ಪಡೆದವರು ಅಂಥ ಶಾಲೆ ಸೇರುವ ಸಾಧ್ಯತೆ ಹಣವಿಲ್ಲದಿದ್ದರೆ ಇರುತ್ತಿದ್ದುದಕ್ಕಿಂತ 28 ಶೇಕಡಾಂಶ ಹೆಚ್ಚಾಯಿತೆಂದು ನಂತರದ ಅಧ್ಯಯನ ಹೇಳಿತು. ಆದರೆ ಸೇರಿದ ಮೇಲೆ ನಾಲ್ಕು ವರ್ಷ ಉಳಿದವರ ಪ್ರಮಾಣ, ಹಣ ಪಡೆದವರಲ್ಲೂ ಪಡೆಯದವರಲ್ಲೂ ಒಂದೇ: ಶೇ. 75ರಷ್ಟು. ಕರೆತರುವ ಕೆಲಸ ಹಣದಿಂದ ಆಯಿತು, ಹಿಡಿದಿಡುವುದು ಆಗಲಿಲ್ಲ.

ಫ್ಲೋರಿಡಾದ ಕಥೆ ತುಸು ಬೇರೆ. ಅಲ್ಲಿ ಈಗಾಗಲೇ ಕೊರತೆಯ ವಿಷಯ ಕಲಿಸುತ್ತಿರುವವರ ಸಾಲದ ಒಂದು ಪಾಲನ್ನು ರಾಜ್ಯ ವರ್ಷವರ್ಷ ತೀರಿಸುತ್ತಿತ್ತು. ಈ ವಿಷಯಗಳ ಶಿಕ್ಷಕರು ಕೆಲಸ ಬಿಡುವುದು ಇದರಿಂದ ಕಡಿಮೆಯಾಯಿತು, ಮೊತ್ತ ದೊಡ್ಡದಾದಷ್ಟೂ ಪರಿಣಾಮ ಹೆಚ್ಚಾಯಿತೆಂದು ಲಿ ಫೆಂಗ್ ಮತ್ತು ಟಿಮ್ ಸ್ಯಾಸ್ ಅವರ ಅಧ್ಯಯನ ತೋರಿಸಿತು. ಒಂದೇ ಸಲ ಕೊಟ್ಟ ಬೋನಸ್‌ನ ಪರಿಣಾಮ ಬೇಗ ಕರಗಿಹೋಯಿತು. ಇಲ್ಲಿ ಗಮನಿಸಬೇಕಾದದ್ದು ಹಣ ಬಂದ ಹೊತ್ತು. ಕೆಲಸ ಮಾಡಿದ ವರ್ಷಕ್ಕೆ ಅದೇ ವರ್ಷ ಫಲ. ಮಾಡದಿದ್ದರೆ ಫಲವಿಲ್ಲ, ಹೊಸ ಹೊರೆಯೂ ಇಲ್ಲ.

ಉತ್ತರ ಕ್ಯಾರೊಲೈನಾ 2017ರಲ್ಲಿ ತನ್ನ ಹಳೆಯ ಟೀಚಿಂಗ್ ಫೆಲೋಸ್ ಯೋಜನೆಯನ್ನು ಮತ್ತೆ ಎಬ್ಬಿಸಿದಾಗ ವಿಜ್ಞಾನ, ಗಣಿತ, ವಿಶೇಷ ಶಿಕ್ಷಣದವರಿಗಷ್ಟೇ ಸೀಮಿತಗೊಳಿಸಿ, ವರ್ಷಕ್ಕೆ 8,250 ಡಾಲರ್‌ವರೆಗೆ ಕೊಟ್ಟಿತು. ಹೆಸರಲ್ಲೇ ಅದು ಸಾಲ, ಮನ್ನಾ ಆಗಬಲ್ಲ ಸಾಲ. ಹಿಂದುಳಿದ ಶಾಲೆಯಲ್ಲಿ ಒಂದು ವರ್ಷ ಕಲಿಸಿದರೆ ಒಂದು ವರ್ಷದ ಸಾಲ ತೀರುತ್ತದೆ, ಬೇರೆ ಸರ್ಕಾರಿ ಶಾಲೆಯಾದರೆ ಎರಡು ವರ್ಷ ಬೇಕು. ನನಗೆ ಈ ಕಟ್ಟಡವೇ ಹೆಚ್ಚು ನೆಟ್ಟಗಿದೆ ಅನಿಸುತ್ತದೆ: ಮುಚ್ಚುಮರೆ ಇಲ್ಲ, ಮಾಡಿದಷ್ಟಕ್ಕೆ ಲೆಕ್ಕ.

ಇದನ್ನೆಲ್ಲ ಓದಿ ಕರ್ನಾಟಕದಲ್ಲೂ ಇಂಥದೊಂದು ಮಾಡಬಾರದೇಕೆ ಎಂದು ಕೇಳುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಹುದ್ದೆ ಇದೆ, ಜನ ಇಲ್ಲ. ನಮ್ಮಲ್ಲಿ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಪಡೆದ ವಿಶೇಷ ಬಿ.ಎಡ್. ಮಾಡಿದವರು ಕಾಯಂ ಹುದ್ದೆಯಿಲ್ಲದೆ ಗುತ್ತಿಗೆಯ ಮೇಲೆ ದುಡಿಯುವುದು ಸಾಮಾನ್ಯ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೊಬ್ಬರಂತೆ ಶಿಕ್ಷಕರಿರಲಿ, ಅದಕ್ಕೆ ತಕ್ಕ ಹುದ್ದೆ ಸೃಷ್ಟಿಸಿ ಎಂದು. ಹುದ್ದೆಯೇ ಇಲ್ಲದ ಕಡೆ ಓದಿನ ಸಾಲ ಮನ್ನಾ ಮಾಡಿದರೆ ನಿರುದ್ಯೋಗಿಗಳ ಸಾಲು ಉದ್ದವಾದೀತು, ಅಷ್ಟೇ.

ಟೀಚ್ ಗ್ರಾಂಟ್ ಈಗಲೂ ನಡೆಯುತ್ತಿದೆ. ಬಜೆಟ್ ಕಡಿತದ ಕಾರಣ ಇತ್ತೀಚಿನ ವರ್ಷಗಳಲ್ಲಿ ವರ್ಷದ ಗರಿಷ್ಠ ಮೊತ್ತ 4,000ದಿಂದ 3,772 ಡಾಲರ್‌ಗೆ ಇಳಿದಿದೆ. 2007ರಲ್ಲಿ ನಿಗದಿಯಾದ ಮೊತ್ತ ಒಮ್ಮೆಯೂ ಏರಿಲ್ಲ. ಐಇಪಿ ಕಡತಗಳ ಭಾರಕ್ಕೂ ಸಂಬಳದ ಶ್ರೇಣಿಗೂ ಈ ಯೋಜನೆ ಕೈ ಹಾಕುವುದಿಲ್ಲ. ಹೊಸ ನಿಯಮ ಎಷ್ಟು ಕೆಲಸ ಮಾಡಿತೆಂಬ ಲೆಕ್ಕಕ್ಕೂ ಇನ್ನೂ ಕಾಲವಿದೆ. 2021ರಲ್ಲಿ ಮೊದಲ ಕಂತು ಪಡೆದ ವಿದ್ಯಾರ್ಥಿನಿ 2025ರಲ್ಲಿ ಪದವಿ ಮುಗಿಸಿದರೆ, ಅವಳ ಎಂಟು ವರ್ಷ ಮುಗಿಯುವುದು 2033ಕ್ಕೆ.